ಲಿಫ್ಟಿನ ಬಾಗಿಲಲ್ಲಿ ನಿಂತ ಕಾದಂಬರಿ

ನನಗೂ ನಮ್ಮ ವೈನಿಗೂ ಹನ್ನೆರಡು ವರ್ಷ ಎಣ್ಣೆ-ಸೀಗೆಕಾಯಿ ಸಂಬಂಧ. ವೈನಿ ಅಂದರೆ ಅಣ್ಣನ ಹೆಂಡತಿ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ನಮ್ಮ ಏಕಸಂಬಿಯ ಕಡೆ ಅತ್ತಿಗೆಯನ್ನು ಹಾಗೇ ಕರೆಯುತ್ತೇವೆ. ಅಲಖನೂರಿಗೆ ಮದುವೆಯಾಗಿ ಹೋಗಿದ್ದ ನಾನು ಎರಡೇ ವರ್ಷಕ್ಕೆ ಟ್ರಂಕು ಹೊರಿಸಿಕೊಂಡು ಅಣ್ಣನ ಮನೆಗೆ ವಾಪಸು ಬಂದೆ. ಯಾಕೆ ಬಂದೆ ಅನ್ನುವುದು ಇಲ್ಲಿ ಬೇಡ. ಬಂದ ದಿನ ವೈನಿ ಬಾಗಿಲಲ್ಲಿ ನಿಂತು ಆ ಟ್ರಂಕನ್ನೇ ನೋಡಿ, "ಇಷ್ಟ ಸಾಮಾನ ತಂದಾಳಂದ್ರ ನಾಕ ದಿನಕ್ಕ ಬಂದಾಕಿ ಅಲ್ಲ ಬಿಡ್ರಿ" ಎಂದು ಅಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಮಾತನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಿದೆ.

ನಾನೂ ಏನು ಕಡಿಮೆ ಇರಲಿಲ್ಲ. ವೈನಿ ನನಗಿಂತ ಮೂರೇ ತಿಂಗಳು ದೊಡ್ಡವಳು. 'ರೀ ಹಚ್ಚಿ ಮಾತಾಡು' ಎಂದು ನಮ್ಮವ್ವ ಹೇಳಿ ಹೇಳಿ ಸತ್ತಳು, ನಾನು ಹಚ್ಚಲಿಲ್ಲ. ಅವಳು ಸೋಸಿಟ್ಟ ನೀರನ್ನು ನಾನು ಇನ್ನೊಂದು ಸಲ ಸೋಸುತ್ತಿದ್ದೆ. ನಾನು ತೊಳೆದಿಟ್ಟ ಪಾತ್ರೆಯನ್ನು ಅವಳು ಮೂಸಿ ನೋಡುತ್ತಿದ್ದಳು. ಇಬ್ಬರಿಗೂ ಮಕ್ಕಳಿಲ್ಲ. ಅದೊಂದು ವಿಷಯಕ್ಕೆ ಮಾತ್ರ ಯಾವತ್ತೂ ಒಬ್ಬರನ್ನೊಬ್ಬರು ಆಡಿಕೊಳ್ಳಲಿಲ್ಲ, ಅಷ್ಟು ಮರ್ಯಾದೆ ಇಬ್ಬರಿಗೂ ಇತ್ತು.

ಹೀಗಿರುವಾಗ ವೈನಿಯ ಮೂತ್ರಪಿಂಡ ಎರಡೂ ಕೆಟ್ಟವು. ವಾರಕ್ಕೆ ಎರಡು ಸಲ ಚಿಕ್ಕೋಡಿಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಅಣ್ಣನದು ಕಿರಾಣಿ ಅಂಗಡಿ, ವಾರಕ್ಕೆ ಎರಡು ದಿನ ಬಾಗಿಲು ಹಾಕಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತದೆ. ನನ್ನದು ಸಂಜೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್, ಹಗಲೆಲ್ಲ ಖಾಲಿ. ಹಾಗಾಗಿ ವೈನಿಯ ಜೊತೆ ಬಸ್ಸು ಹತ್ತುವ ಪಾಳಿ ನನಗೆ ಬಂತು. ಮೊದಲ ತಿಂಗಳು ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡುತ್ತ ಹೋದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಆಸ್ಪತ್ರೆಯಲ್ಲಿ ಅವಳ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ ಮಷೀನಿಗೆ ಜೋಡಿಸುತ್ತಿದ್ದರು. ಮುಂದೆ ನಾಲ್ಕು ತಾಸು ಅವಳು ಛಾವಣಿ ನೋಡುವುದು, ನಾನು ಸ್ಟೂಲಿನ ಮೇಲೆ ಕೂತು ಪುಸ್ತಕ ಓದುವುದು.

ಆ ಪುಸ್ತಕ ನಿಪ್ಪಾಣಿಯಲ್ಲಿ ಸಿಕ್ಕದ್ದು. ಒಂದು ಮದುವೆಗೆ ಹೋದಾಗ ರದ್ದಿ ಅಂಗಡಿಯಲ್ಲಿ ಹಳೆಯ ಪೇಪರಿನ ಗುಡ್ಡೆಯೊಳಗಿಂದ ಎಳೆದು ತೂಕ ಹಾಕಿಸಿ ತಂದಿದ್ದೆ. ಇಂಗ್ಲಿಷ್ ಕಾದಂಬರಿ, ಆರು ನೂರು ಪುಟ. ಮುಂದೆ ಒಂದು ನಕಾಶೆ, ಹಿಂದೆ ಕಠಿಣ ಪದಗಳ ಅರ್ಥ. ಪುಟಪುಟಕ್ಕೂ ತಂಬಾಕಿನ ವಾಸನೆ. ಮುಖಪುಟದಲ್ಲಿ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದ ಹುಡುಗಿ, ಹಿಂದೆ ಮುಗಿಲು ಮುಟ್ಟಿದ ಕಟ್ಟಡಗಳು. ಅಂಥ ಪುಸ್ತಕಗಳೆಂದರೆ ನನಗೆ ಹುಚ್ಚು. ನಮ್ಮಂಥದೇ ಬಸ್ಸು, ಟ್ರಾಫಿಕ್ಕು, ಕೆಟ್ಟ ಬೀದಿದೀಪ ಇರುವ ಊರೇ ಇರುತ್ತದೆ, ಆದರೆ ಅದರೊಳಗೆ ಇನ್ನೊಂದು ಊರು ಅಡಗಿರುತ್ತದೆ. ಅಲಖನೂರಿನ ಎರಡು ವರ್ಷ ನಾನು ತಲೆ ಕೆಡಿಸಿಕೊಳ್ಳದೆ ಬದುಕಿದ್ದು ಇಂಥ ಪುಸ್ತಕಗಳಿಂದ.

ಒಂದು ದಿನ ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ವೈನಿ ಕತ್ತು ಹೊರಳಿಸಿದಳು.

"ಏನ್ಬೇ, ಒಬ್ಬಾಕೀನ ನಗಾಕತ್ತಿ? ನಾ ಇಲ್ಲಿ ರಕ್ತ ತೊಳಸ್ಕೊಳ್ಳಾಕತ್ತೀನಿ, ನಿನಗ ನಗೀ ಬರ್ತೈತಿ?"

"ನಿನ್ನ ನೋಡಿ ನಗಲಿಲ್ಲ ತಾಯಿ. ಪುಸ್ತಕದಾಗ ಐತಿ."

"ಪುಸ್ತಕದಾಗ ಇದ್ರ ನನಗೂ ಹೇಳು. ಈ ಛತ್ತ ಎಷ್ಟಂತ ನೋಡ್ಲಿ?"

ಹೇಳಿದೆ. ಸಿಟ್ಟಿನಿಂದಲೇ ಹೇಳಲು ಶುರುಮಾಡಿದೆ. ಆ ಊರಿನ ಕಟ್ಟಡಗಳನ್ನು ಹೊರಗೆ ನಿಂತು ಎಣಿಸಿದರೆ ಹತ್ತು ಮಜಲು. ಆದರೆ ಲಿಫ್ಟಿನೊಳಗೆ ಗುಂಡಿಗಳನ್ನು ಒಂದು ಲೆಕ್ಕದಲ್ಲಿ ಒತ್ತಿದರೆ ಅದರ ಮೇಲೆ ಕಣ್ಣಿಗೆ ಕಾಣದ ಇನ್ನೂ ಎಂಟು ಮಜಲು. ಒಂದೊಂದು ಮಜಲಿನಲ್ಲಿ ಒಂದೊಂದು ಜನ, ಒಂದೊಂದು ಕಾನೂನು. ಒಂದರಲ್ಲಿ ಸುಳ್ಳು ಹೇಳಿದವರ ನಾಲಿಗೆಯ ಮೇಲೆ ಹುಲ್ಲು ಬೆಳೆಯುತ್ತದೆ. ಇನ್ನೊಂದರಲ್ಲಿ ನೆರಳಿಗೂ ಮನೆಪಟ್ಟಿಯಂತೆ ತೆರಿಗೆ ಕಟ್ಟಬೇಕು. ಎಂಟನೇ ಮಜಲಿನವರು ಕೆಳಗೆ ಇಳಿಯಬೇಕೆಂದರೆ ಪ್ರತಿ ಸಲವೂ ಲಿಫ್ಟಿಗೆ ತಮ್ಮದೊಂದು ನೆನಪು ಕೊಡಬೇಕು. ಕೊಟ್ಟ ನೆನಪು ವಾಪಸು ಬರುವುದಿಲ್ಲ. ನಮ್ಮ ಹುಡುಗಿ ಲಿಫ್ಟ್ ರಿಪೇರಿ ಮಾಡುವವಳು. ಎಂಟನೇ ಮಜಲಿನ ಕಾವಲುಗಾರನೊಬ್ಬ ಅವಳನ್ನು ನೋಡಲು ಕೆಳಗೆ ಇಳಿದು ಬರಲು ಶುರುಮಾಡಿದ್ದಾನೆ.

ಎರಡು ನಿಮಿಷ ಕೇಳಿ ಬೇಜಾರಾಗಿ ಸಾಕು ಅನ್ನುತ್ತಾಳೆ ಅಂದುಕೊಂಡಿದ್ದೆ. ಏಳನೇ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು. ಆದರೆ ವೈನಿಗೆ ಆ ಊರು ನನಗಿಂತ ಬೇಗ ಅರ್ಥವಾಯಿತು. ನಮ್ಮ ಜೈನ ಬಸ್ತಿಯ ಗೋಡೆಯ ಮೇಲೆ ಮೂರು ಲೋಕದ ಚಿತ್ರ ಇದೆ, ಸೊಂಟದ ಮೇಲೆ ಕೈಯಿಟ್ಟು ನಿಂತ ಮನುಷ್ಯನ ಆಕಾರದಲ್ಲಿ. ಕಾಲಿನ ಕಡೆ ಏಳು ನರಕ, ನಡುವೆ ನಾವು, ಮೇಲೆ ಸ್ವರ್ಗಗಳ ಸಾಲು, ತುದಿಗೆ ಸಿದ್ಧರು. ಅದನ್ನು ವೈನಿ ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದಳು.

"ಹದಿನಾರ ಸ್ವರ್ಗ ನೆನಪ ಅದಾವ ನನಗ. ಎಂಟ ಮಜಲ ಯಾವ ದೊಡ್ಡ ಮಾತು? ನೀ ಮುಂದ ಹೇಳು" ಅಂದಳು. ಮರುಗಳಿಗೆಯಲ್ಲೇ, "ನಿಂದ್ರು. ಸ್ವರ್ಗದಾಗಿನ ದೇವತಿಗೂ ಆಯುಷ್ಯ ತೀರ್ತೈತಿ. ಈ ಎಂಟನೇ ಮಜಲಿನವ್ರಿಗೆ ಸಾವ ಐತೋ ಇಲ್ಲೋ?" ಎಂದು ಕೇಳಿದಳು.

ನಾನು ಹಿಂದಿನ ಪುಟಗಳ ಅರ್ಥದ ಪಟ್ಟಿಯಲ್ಲೆಲ್ಲ ಹುಡುಕಿದೆ. ಅದು ಅಲ್ಲಿರಲಿಲ್ಲ.

"ಅರ್ಧಾಮರ್ಧಾ ಬರದಾನ ಖೋಡಿ" ಎಂದು ವೈನಿ ಲೇಖಕನನ್ನು ಬೈದಳು. ಅವತ್ತು ನಾವಿಬ್ಬರೂ ಒಂದೇ ಮಾತಿಗೆ ನಕ್ಕೆವು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಇರಬೇಕು.

ಅಲ್ಲಿಂದ ಅದು ನಮ್ಮ ಪದ್ಧತಿ ಆಯಿತು. ಸೂಜಿ ಚುಚ್ಚಿ ಟೇಪು ಹಚ್ಚಿ ನರ್ಸ್ ಆಚೆ ಹೋದ ಕೂಡಲೇ ವೈನಿ, "ಹೂಂ, ತಗೀ" ಅನ್ನುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಕಣ್ಣಲ್ಲಿ ಓದಿ, ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅವಳು ಎರಡು ಕಾಯ್ದೆ ಮಾಡಿದಳು. ಒಂದು, ಮನೆಯಲ್ಲಿ ಓದಬಾರದು. ಮಷೀನಿನ ಮುಂದೆ ಮಾತ್ರ. ಇನ್ನೊಂದು, ಅವಳನ್ನು ಬಿಟ್ಟು ನಾನೊಬ್ಬಳೇ ಮುಂದೆ ಓದಬಾರದು. "ನನಗಿಂತ ಒಂದ ಹಾಳಿ ಮುಂದ ಹೋದಿ ಅಂದ್ರ ನೋಡು, ನಿನ್ನ ಮಾರಿ ಮ್ಯಾಲ ಗೊತ್ತಾಗ್ತೈತಿ" ಅಂದಿದ್ದಳು. ನಾನು ಒಪ್ಪಿಕೊಂಡೆ, ಮಾತಿಗೆ ನಡೆದೆ ಕೂಡ. ಆಸೆ ಆಗಲಿಲ್ಲ ಅಂದರೆ ಸುಳ್ಳು.

ಹುಡುಗಿ, ಹುಡುಗ ಹತ್ತಿರ ಬಂದ ಕಡೆ ನಾನು ಸುಮ್ಮನೆ ಪುಟ ಹೊರಳಿಸಿಬಿಡುತ್ತಿದ್ದೆ. ಪಕ್ಕದ ಮಂಚದಲ್ಲಿ ರಾಯಬಾಗದ ಒಬ್ಬ ಅಜ್ಜ ಇರುತ್ತಿದ್ದ, ಅವನ ಮುಂದೆ ಹೇಗೆ ಹೇಳುವುದು? ವೈನಿ ಬಿಡಬೇಕಲ್ಲ. "ಎರಡ ಹಾಳಿ ತಿರವಿದಿ, ಬಾಯಿ ಬಿಡಲಿಲ್ಲ. ಏನೈತಿ ಅದರಾಗ?"

"ಏನಿಲ್ಲ. ಲಿಫ್ಟ್ ರಿಪೇರಿ."

"ಎರಡ ಹಾಳಿ ರಿಪೇರಿ? ಮಾರಿ ಕೆಂಪಾಗೈತಿ ನಿಂದು. ನನಗೂ ಲಗ್ನ ಆಗೇತಿ, ಹೇಳು." ಆ ಅಜ್ಜ ಮಗ್ಗಲಾಗಿ ಗೋಡೆಯ ಕಡೆ ಮುಖ ಮಾಡಿ, "ನಂಗೇನೂ ಕೇಳಸೂದಿಲ್ರಿ" ಅಂದ. ಅಂದರೆ ಅಷ್ಟೂ ದಿನ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಆ ಹುಡುಗಿ ನಡುರಾತ್ರಿ ಬೀದಿಯಲ್ಲಿ ನಿಂತು ಶಾವಿಗೆ ತಿನ್ನುವುದು ವೈನಿಗೆ ಸೇರುತ್ತಿರಲಿಲ್ಲ. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ. ಚಿಕ್ಕೋಡಿಯಿಂದ ಬಸ್ಸು ತಡವಾದರೆ ಇಬ್ಬರೂ ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತಲೇ ಬರುತ್ತಿದ್ದೆವು, ಎಷ್ಟೋ ದಿನ ಉಪವಾಸ ಮಲಗಿದ್ದೂ ಉಂಟು. ಆದರೂ ಆ ಹುಡುಗಿಯನ್ನು ವೈನಿ ಹಚ್ಚಿಕೊಂಡಳು. 'ನಮ್ಮ ಹುಡುಗಿ' ಅನ್ನುತ್ತಿದ್ದಳು. ಆ ಕಾವಲುಗಾರನಿಗೆ 'ಅಳಿಯಾ' ಎಂದು ಹೆಸರಿಟ್ಟಳು. "ಅಳಿಯಾ ಈ ಸಲ ಏನ ಕೊಟ್ಟ ಇಳದ?" ಎಂದು ಕೇಳುವಳು. ಅವನು ಮೊದಮೊದಲು ಸಣ್ಣ ನೆನಪು ಕೊಡುತ್ತಿದ್ದ. ಒಂದು ಹಣ್ಣಿನ ರುಚಿ, ಶಾಲೆಯ ಒಂದು ಹಾಡು. ಆಮೇಲೆ ದೊಡ್ಡವು ಹೋಗತೊಡಗಿದವು. ತಮ್ಮನ ಮುಖ ಕೊಟ್ಟ ದಿನ ವೈನಿ ಅತ್ತಳು. ಬಲಗೈಯಿಂದ ಕಣ್ಣೊರೆಸಿಕೊಂಡು, "ಹುಚ್ಚ. ಅಕೀ ಒಬ್ಬಾಕೀನ ನೋಡಾಕ ಹೋಗಿ ಎಲ್ಲಾ ಕಳಕೊಳ್ಳಾಕತ್ತಾನ. ಕಡೀಕ ಅಕೀನೂ ಮರ್ತ್ರ?" ಅಂದಳು.

ಇಡೀ ಕಾದಂಬರಿ ಇದ್ದದ್ದೇ ಆ ಒಂದು ಪ್ರಶ್ನೆಯ ಮೇಲೆ. ಕಡೆಗೆ ಹುಡುಗಿ ಒಂದು ಕೆಟ್ಟ ಲಿಫ್ಟಿನೊಳಗೆ ಸಿಕ್ಕಿಕೊಳ್ಳುತ್ತಾಳೆ, ಉಸಿರಾಡಲು ಗಾಳಿ ಸಾಲುತ್ತಿಲ್ಲ. ಅವನು ಎಂಟು ಮಜಲು ಇಳಿದು ಬರಬೇಕು, ಅವನ ಹತ್ತಿರ ಕೊಡಲು ಉಳಿದದ್ದು ಎರಡೋ ಮೂರೋ ನೆನಪು. ಅವುಗಳಲ್ಲಿ ಒಂದು ಅವಳದು. ಯಾವುದನ್ನು ಕೊಟ್ಟ ಎಂದು ಲೇಖಕ ಹೇಳುವುದಿಲ್ಲ. ಲಿಫ್ಟಿನ ಬಾಗಿಲು ತೆರೆಯಿತು, ಎದುರಿಗೆ ಅವನು ನಿಂತಿದ್ದ. ಅಲ್ಲಿಗೆ ಅಧ್ಯಾಯ ಮುಗಿಯಿತು. ಅಷ್ಟರಲ್ಲಿ ಮಷೀನು ಕುಂಯ್ ಕುಂಯ್ ಅಂತ ಒದರಿ ವೈನಿಯ ನಾಲ್ಕು ತಾಸೂ ಮುಗಿದವು.

"ಇನ್ನೊಂದ ಹಾಳಿ ಓದು" ಅಂದಳು ವೈನಿ.

"ನಿನ್ನ ಕಾಯ್ದೇನ ಐತಿ. ಮಷೀನ ಬಂದ್ ಆತು, ಪುಸ್ತಕ ಬಂದ್ ಆತು."

ಕಾಡಿಸಲು ಹಾಗೆ ಅಂದೆ. ನಾನು ಪುಸ್ತಕ ಚೀಲದೊಳಗೆ ಹಾಕಿದೆ. ಬಸ್ಸಿನಲ್ಲಿ ಇಡೀ ದಾರಿ ಇಬ್ಬರೂ ವಾದ ಮಾಡಿದೆವು, ಅವನಿಗೆ ಗುರುತು ಸಿಗುತ್ತದೋ ಇಲ್ಲವೋ ಎಂದು. ಅವಳು ಸಿಗುತ್ತದೆ ಅಂದಳು. ನಾನು ಇಲ್ಲ ಅಂದೆ.

ಆ ವಾರವೇ ವೈನಿಯ ಕೈ ಕೆಟ್ಟಿತು. ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ನರ ಜೋಡಿಸಿರುತ್ತಾರಲ್ಲ, ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತಿರುತ್ತದೆ. ದಿನಾ ಬೆಳಗ್ಗೆ ಎದ್ದು ಅದನ್ನು ಮುಟ್ಟಿ ನೋಡಿಕೊಂಡೇ ಅವಳು ಹಾಸಿಗೆ ಬಿಡುತ್ತಿದ್ದಳು. ಅವತ್ತು ಅದು ನಿಂತುಹೋಗಿತ್ತು. ಮಿರಜಿಗೆ ಕರೆದುಕೊಂಡು ಹೋದೆವು. ಕುತ್ತಿಗೆಯಲ್ಲಿ ನಳಿಗೆ ಹಾಕಿ ಕಳಿಸಿದರು. ಅದಕ್ಕೆ ನಂಜು ಆಯಿತು, ಚಳಿ-ಜ್ವರ ಬಂತು. ಡಾಕ್ಟರು ಅಣ್ಣನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವರು ಏನಂದರು ಎಂದು ನಾನು ಅಣ್ಣನನ್ನು ಕೇಳುವುದೇ ಬೇಕಿರಲಿಲ್ಲ.

ಆಗ ಆಷಾಢ. ಆ ವರ್ಷ ನಮ್ಮ ಊರಿನ ಬಸ್ತಿಯಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ಇತ್ತು. ಚಾತುರ್ಮಾಸ ಅಂದರೆ ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಿನಲ್ಲಿ ಇರುತ್ತಾರೆ. ಊರಿನವರು ಅವರ ಮುಂದೆ ಕೈಮುಗಿದು ಆ ನಾಲ್ಕು ತಿಂಗಳಿಗೆ ಏನಾದರೊಂದನ್ನು ಬಿಡುತ್ತೇನೆ ಎಂದು ನಿಯಮ ತೆಗೆದುಕೊಳ್ಳುತ್ತಾರೆ. ನನ್ನ ಮುಂದಿನವಳು ಬೆಲ್ಲ ಬಿಟ್ಟಳು. ಅವಳ ಮುಂದಿನವಳು ಚಪ್ಪಲಿ ಬಿಟ್ಟಳು. ಒಬ್ಬಾಕೆ ಟಿ.ವಿ. ಧಾರಾವಾಹಿ ಬಿಟ್ಟಾಗ ಎಲ್ಲರೂ ಭಲೇ ಅಂದರು.

ನನ್ನ ಪಾಳಿ ಬಂತು. "ನಮೋಸ್ತು ಮಹಾರಾಜ, ನಾ ಕಾದಂಬರಿ ಓದೂದ ಬಿಡ್ತೀನ್ರಿ, ದೀಪಾವಳಿತನಕ" ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಯಾಕವಾ?" ಎಂದು ಮಹಾರಾಜರು ಕೇಳಿದರು.

"ನಮ್ಮ ವೈನಿಗೆ ಆರಾಮ ಆಗ್ಲಿ ಅಂತ್ರಿ."

"ನಿಯಮ ಅಂದ್ರ ವ್ಯಾಪಾರ ಅಲ್ಲ ತಾಯಿ. ಒಂದ ಕೊಟ್ಟ ಒಂದ ತಗೊಳ್ಳೂದ ಇರೂದಿಲ್ಲ ಇದರಾಗ. ಬಿಡೂದು ನಿನ್ನ ಆತ್ಮದ ಸಲುವಾಗಿ." ಅಷ್ಟು ಹೇಳಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ನನ್ನ ತಲೆಯಲ್ಲಿ ಒಂದೇ ಇತ್ತು. ಬೆಲ್ಲ ಬಿಟ್ಟರೆ ನನಗೆ ಏನೂ ಆಗುವುದಿಲ್ಲ. ಚಪ್ಪಲಿ ಬಿಟ್ಟರೆ ಕಾಲು ಸುಡುತ್ತದೆ, ಅಷ್ಟೆ. ನನಗೆ ನಿಜಕ್ಕೂ ನೋಯುವಂಥದ್ದು ಯಾವುದು? ಲಿಫ್ಟಿನ ಬಾಗಿಲು ತೆರೆದಿದೆ, ಅವನು ಎದುರಿಗೆ ನಿಂತಿದ್ದಾನೆ. ಅದನ್ನೇ ಬಿಡಬೇಕು. ಎಷ್ಟು ನೋವೋ ಅಷ್ಟು ಫಲ ಎಂದು ಲೆಕ್ಕ ಹಾಕಿದೆ. ಆ ಪುಸ್ತಕ ನನ್ನೊಬ್ಬಳದೇ ಅಲ್ಲ ಅನ್ನುವುದು ಬಸ್ತಿಯ ಮೆಟ್ಟಿಲು ಇಳಿದು ಮನೆಗೆ ಬರುವವರೆಗೂ ನನ್ನ ತಲೆಗೆ ಹೊಳೆಯಲಿಲ್ಲ. ಶಾಣ್ಯಾಕಿ ಎಂದು ನನ್ನನ್ನು ಊರೆಲ್ಲ ಕರೆಯುತ್ತಿತ್ತು.

ವೈನಿ ಅಡುಗೆಮನೆಯಲ್ಲಿ ಕೂತು ತನ್ನ ಪಾಲಿನ ಕಾಯಿಪಲ್ಯ ಹೆಚ್ಚಿ ನೀರಿನಲ್ಲಿ ನೆನೆಹಾಕುತ್ತಿದ್ದಳು, ಮೂತ್ರಪಿಂಡಕ್ಕೆ ಆಗದ ಅದರ ಸತ್ವ ಇಳಿಸಿಯೇ ಅವಳು ತಿನ್ನಬೇಕಿತ್ತು. ನಾನು ಹೇಳಿದೆ. ಅವಳ ಕೈ ನಿಂತಿತು.

"ನನ್ನ ಸಲುವಾಗಿ ಬಿಟ್ಟಿಯೇನು?"

"ಹೂಂ."

"ಛಲೋ ಆತು" ಅಂದಳು. ಹೆಚ್ಚಿದ ಹೋಳು ನೀರಿನಲ್ಲಿ ಅದ್ದುತ್ತ, "ದೀಪಾವಳಿತನಕ?" ಅಂದಳು. ನಾನು ತಲೆಯಾಡಿಸಿದೆ. "ಇರ್ಲಿ ಬಿಡು. ಅಳಿಯಾ ಎಲ್ಲಿ ಹೊಕ್ಕಾನ, ಅಲ್ಲೇ ನಿಂತಿರ್ತಾನ" ಎಂದು ಮತ್ತೆ ಹೆಚ್ಚತೊಡಗಿದಳು.

ಮುಂದಿನ ಸಲ ಚಿಕ್ಕೋಡಿಗೆ ಬರಿಗೈಯಲ್ಲಿ ಹೋದೆ. ಪಕ್ಕದ ಮಂಚದ ಅಜ್ಜ, "ಯಾಕವಾ, ಪುಸ್ತಕ ತರಲಿಲ್ಲ? ಅಂವಗ ಗುರ್ತ ಹತ್ತಿತೋ ಇಲ್ಲೋ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವೈನಿ, "ಅಕೀದ ನಿಯಮ ಐತ್ರಿ. ನನ್ನ ಸಲುವಾಗಿ ಹಿಡದಾಳ" ಅಂದಳು. ಆ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಬಗ್ಗೆ ವೈನಿಗೆ ಹೆಮ್ಮೆ! ಆ ಹೆಮ್ಮೆಯೇ ನನ್ನ ಕಾಲಿಗೆ ಸುತ್ತಿಕೊಂಡಿತು.

ಆಮೇಲೆ ನಾಲ್ಕು ತಾಸು ಅಂದರೆ ಏನು ಅಂತ ನನಗೂ ತಿಳಿಯಿತು. ಮಾತಾಡಲು ನಮ್ಮಲ್ಲಿ ಬೇರೆ ಏನಿತ್ತು? ಬೇರೆ ಮಾತು ತೆಗೆದರೆ ಅದು ಹಳೆಯ ಜಗಳದ ಹತ್ತಿರ ಬಂದು ನಿಲ್ಲುತ್ತಿತ್ತು. ಇಬ್ಬರೂ ಛಾವಣಿ ನೋಡುತ್ತಿದ್ದೆವು. ವೈನಿ ದಿನದಿನಕ್ಕೆ ಇಳಿಯುತ್ತಿದ್ದಳು. ಕಣ್ಣ ಕೆಳಗೆ ಕಪ್ಪು, ಕಾಲಿನಲ್ಲಿ ಬಾವು. ದಿನಕ್ಕೆ ಇಷ್ಟೇ ನೀರು ಎಂದು ಹೇಳಿದ್ದರಿಂದ ಒಂದು ಚಿಕ್ಕ ಲೋಟ ಹಿಡಿದು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಲೋಟ ಕೆಳಗಿಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ನಿಯಮದಿಂದ ಏನೂ ಆಗುತ್ತಿಲ್ಲ ಎಂದು ನನಗೆ ಕಾಣುತ್ತಿತ್ತು. ಆದರೂ ಬಿಗಿ ಹಿಡಿದೆ.

ಭಾದ್ರಪದದಲ್ಲಿ, ನಮ್ಮ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಮಧ್ಯಾಹ್ನ ವೈನಿ ಹಾಸಿಗೆಯಿಂದ ನನ್ನನ್ನು ಕರೆದಳು. ಜ್ವರ ಇಳಿದಿತ್ತು, ಮುಖ ಸ್ವಲ್ಪ ತಿಳಿಯಾಗಿತ್ತು.

"ಒಂದ ಕೆಲಸ ಮಾಡು. ಆ ಪುಸ್ತಕ ತಂದ್ಕೊಡು."

"ನಿಯಮ ಐತಲ್ಲ ವೈನಿ."

"ನೀ ಓದಬ್ಯಾಡಬೇ. ನಾ ಓದ್ತೀನಿ. ನಂದೇನ ನಿಯಮ ಇಲ್ಲ."

ನಗು ಬಂತು. ಆದರೂ ಕಪಾಟಿನಿಂದ ಪುಸ್ತಕ ತಂದು, ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟಿನ ಕಡೆ ಅವಳ ಕೈಯಿಂದಲೇ ತೆರೆಸಿದೆ. ನಾನು ಅಕ್ಷರ ಕಾಣದಷ್ಟು ದೂರ ಸರಿದು ನಿಂತೆ. ವೈನಿಗೆ ಮೊಬೈಲಿನಿಂದಾಗಿ ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಹೊಸ ಅಧ್ಯಾಯದ ಮೊದಲ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಬಹಳ ಹೊತ್ತು ಹಿಡಿಯಿತು.

"ಡಿ, ಓ, ಓ, ಆರ್. ಹಂಗಂದ್ರ?"

"ಬಾಗಿಲಾ" ಅಂದೆ.

"ಹಾಂ, ಬಾಗಿಲಾ. ಲಿಫ್ಟಿಂದು" ಅಂದಾಗ ಅವಳ ಮುಖ ಅರಳಿತು. ಮುಂದಿನ ಪದಕ್ಕೆ ಬೆರಳು ಹೋಯಿತು. ಮತ್ತೆ ಅಕ್ಷರ ಕೂಡಿಸಿ ಕೇಳಿದಳು.

ಆಗ ನನಗೆ ಏನಾಯಿತೋ. ಒಂದೊಂದೇ ಪದ ಹೇಳುತ್ತ ಹೋದರೆ ನಾನು ಓದಿದ ಹಾಗೇ ಆಯಿತಲ್ಲ ಅನ್ನಿಸಿತು. ನಿಯಮ ಮುರಿದರೆ ಅದಕ್ಕೆ ಪ್ರಾಯಶ್ಚಿತ್ತ ಇದೆ ಎಂದು ಚಿಕ್ಕಂದಿನಿಂದ ಗೊತ್ತಿತ್ತು. ಮಹಾರಾಜರ ಮುಂದೆ ಹೋಗಿ ತಪ್ಪು ಒಪ್ಪಿಕೊಂಡರೆ ಒಂದು ಉಪವಾಸವೋ, ಒಂದಿಷ್ಟು ಜಪವೋ ಹೇಳುತ್ತಾರೆ, ಮುಗಿಯಿತು. ಬಸ್ಸು ತಡವಾಗಿ ಎಷ್ಟು ಸಲ ಉಪವಾಸ ಇದ್ದವಳು ನಾನು! ಆದರೆ ನಾನು ಹೆದರಿದೆ. ಇವತ್ತು ಮುರಿದು ನಾಳೆ ಇವಳಿಗೆ ಏನಾದರೂ ಆದರೆ ಅದು ನನ್ನಿಂದಲೇ ಆಯಿತು ಎಂದು ಸಾಯುವವರೆಗೂ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾನು ವೈನಿಯನ್ನು ಕಾಯುತ್ತಿರಲಿಲ್ಲ, ನನ್ನನ್ನೇ ಕಾಯ್ದುಕೊಳ್ಳುತ್ತಿದ್ದೆ.

"ಇನ್ನ ಹೇಳಿದ್ರ ಓದಿದಂಗ ಆಗ್ತೈತಿ ವೈನಿ. ಬ್ಯಾಡ" ಅಂದೆ.

ಅವಳು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನಾನೂ ಎರಡು ಮಾತು ಆಡಿ, ಆ ಸಿಟ್ಟಿನಲ್ಲೇ ಇಡೀ ಪುಟ ಓದಿಬಿಡುತ್ತಿದ್ದೆನೋ ಏನೋ. "ಹೌದ್ಹೌದು, ಅದೂ ಖರೇನ ಐತಿ" ಅಂದಳು. ಪುಸ್ತಕ ಮುಚ್ಚಿ, ಅದರ ಮುಖಪುಟವನ್ನು ಸೆರಗಿನಿಂದ ಒಮ್ಮೆ ಒರೆಸಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕಪಾಟಿನಲ್ಲಿಟ್ಟೆ. ಆಮೇಲೆ ಅವಳು ಆ ಹುಡುಗಿಯ ಮಾತು ನನ್ನ ಹತ್ತಿರ ಎತ್ತಲೇ ಇಲ್ಲ.

ಅನಂತ ಚತುರ್ದಶಿ ಆಗಿ ನಾಲ್ಕನೇ ದಿನ ಬೆಳಗ್ಗೆ ಚಿಕ್ಕೋಡಿಗೆ ಹೊರಡಬೇಕಿತ್ತು. ನಾನು ಬುತ್ತಿ ಕಟ್ಟುತ್ತಿದ್ದೆ. ವೈನಿಗೆ ಏದುಸಿರು ಹತ್ತಿತು. ಅಣ್ಣ ಗಾಡಿ ತರಲು ಓಡಿದ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದೆ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಗಾಡಿ ಮನೆಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಮುಗಿದಿತ್ತು.

ನಿಯಮ ಆಗಲೇ ಬಿಡಬಹುದಿತ್ತು. ಯಾರ ಸಲುವಾಗಿ ಹಿಡಿದಿದ್ದೆನೋ ಅವಳೇ ಇಲ್ಲ. ಆದರೂ ದೀಪಾವಳಿಯವರೆಗೆ ಹಿಡಿದೆ. ಹಟ, ಮತ್ತೇನು? ಹಬ್ಬದ ಅಮಾವಾಸ್ಯೆಯ ಬೆಳಗ್ಗೆ ಬಸ್ತಿಯಲ್ಲಿ ತೀರ್ಥಂಕರರ ನಿರ್ವಾಣದ ಲಾಡು ಅರ್ಪಿಸಿ ಮನೆಗೆ ಬಂದು, ಕೈಕಾಲು ತೊಳೆದು, ಅವಳು ಮಲಗುತ್ತಿದ್ದ ಕೋಣೆಯಲ್ಲಿ ಕೂತು ಪುಸ್ತಕ ತೆಗೆದೆ. ಉತ್ತರ ಮೂರನೇ ಪುಟದಲ್ಲಿತ್ತು. ಮೂರೇ ಪುಟ. ಓದಿ ಹೇಳಲು ಹತ್ತು ನಿಮಿಷ ಬೇಕಾಗುತ್ತಿರಲಿಲ್ಲ. ಅವನು ಅವಳನ್ನು ಮರೆತಿರಲಿಲ್ಲ. ವಾಪಸು ಮನೆಗೆ ಹೋಗುವ ದಾರಿಯ ನೆನಪನ್ನು ಲಿಫ್ಟಿಗೆ ಕೊಟ್ಟು ಇಳಿದು ಬಂದಿದ್ದ.

ಅಲ್ಲಿಗೆ ನಿಲ್ಲಿಸಿದೆ. ಉಳಿದ ಪುಟ ಇವತ್ತಿಗೂ ಓದಿಲ್ಲ.

ಅಣ್ಣ ಊಟಕ್ಕೆ ಬಂದ. ಹೋಳಿಗೆ ಬಡಿಸಿದವಳು ಅಲ್ಲೇ ಕೂತೆ. ಯಾರಿಗಾದರೂ ಹೇಳಲೇಬೇಕಿತ್ತು. "ಅಣ್ಣಾ, ಅಂವಗ ಅಕೀ ಗುರ್ತ ಹತ್ತೈತಿ" ಅಂದೆ. ಅಣ್ಣನಿಗೆ ಏನೂ ತಿಳಿಯಲಿಲ್ಲ. ಪುಸ್ತಕದ ಕತೆ, ಲಿಫ್ಟು, ನನ್ನ ನಿಯಮ ಎಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವನ ಕೈ ತಾಟಿನಲ್ಲೇ ನಿಂತಿತು.

"ಅದಕ್ಕ ಕೇಳಿದ್ಳೇನು ಅಕಿ!" ಅಂದ. "ತೀರ್ಕೊಳ್ಳೂಕಿಂತ ಮುಂಚೆ ಎರಡ ದಿನ ಇರಬೇಕ ನೋಡು. ದೀಪಾವಳಿಗೆ ಇನ್ನ ಎಷ್ಟ ದಿನ ಐತ್ರಿ ಅಂತ ಕೇಳಿದ್ಳು. ಯಾಕ, ಹಬ್ಬಕ್ಕ ಸೀರಿ ಬೇಕನ ಅಂದೆ ನಾ. ಇಲ್ರಿ, ನಿಮ್ಮ ತಂಗಿ ನಿಯಮ ಮುಗೀಬೇಕಲ್ರಿ ಅಂದ್ಳು. ಬೆರಳ ಮಡಚಿ ಮಡಚಿ ಎಣಿಸಿದ್ಳು. ಆಮ್ಯಾಲ, ಅಷ್ಟ ದಿನ ಆಗಾಂಗಿಲ್ಲ ಬಿಡ್ರಿ ನಂಗ ಅಂದ್ಳು."

"ನನಗ್ಯಾಕ ಹೇಳಲಿಲ್ಲ ಅಣ್ಣಾ ನೀ?"

"ಅಕೀನ ಬ್ಯಾಡ ಅಂದ್ಳು. ನಾ ಹಿಂಗ ಎಣಿಸೀನಿ ಅಂತ ಗೊತ್ತಾದ್ರ ಅಕಿ ನಿಂದ್ರಾಕಿ ಅಲ್ರಿ, ನನ್ನ ಸಲುವಾಗಿ ನಿಯಮ ಮುರದ ಬಿಡ್ತಾಳ ಅಂದ್ಳು."

ಅಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದ. ನಾನು ತಾಟಿನ ಮುಂದೆ ಹಾಗೇ ಕೂತಿದ್ದೆ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು, ಪಾತ್ರೆ ಮೂಸಿ ಮೂಸಿ ನನ್ನ ಒಂದೊಂದು ತಪ್ಪನ್ನೂ ಹಿಡಿದ ವೈನಿ, ಕಡೆಗೆ ನನ್ನನ್ನು ನಾನಿದ್ದದ್ದಕ್ಕಿಂತ ಒಳ್ಳೆಯವಳು ಎಂದು ತಿಳಿದು ಸತ್ತಳು. ದಿನ ಎಣಿಸಿದ್ದನ್ನು ಅವಳು ನನಗೇ ಹೇಳಿದ್ದರೂ ನಾನು ನಿಯಮ ಮುರಿಯುತ್ತಿರಲಿಲ್ಲ.